ತಂಬೂರಿಗೆ ಕಟ್ಟಿದ ಗಂಜಿ ದಾರ

ಅಪ್ಪನ ಕಿವಿ ಮಂದವಾಗಿದೆ ಎಂದು ಅಪ್ಪನನ್ನೇ ನಂಬಿಸಿದವಳು ನಾನು. ಐದು ದಿನ ನಂಬಿಸಿದೆ. ಆ ಐದು ದಿನಗಳಲ್ಲಿ ಅವನು ಹಾಡುವುದನ್ನು ಬಿಟ್ಟ, ತಂಬೂರಿಯನ್ನು ಬೇರೆ ಮನೆಗೆ ಕೊಟ್ಟುಬಿಡಲು ಬಟ್ಟೆ ಸುತ್ತಿಟ್ಟ. ನಿಮ್ಮ ಪಕ್ಷದ ದೌರ್ಬಲ್ಯವನ್ನು ಎದುರಾಳಿ ಎತ್ತುವ ಮೊದಲೇ ನೀವೇ ಎತ್ತಿ, ಎರಡು ವಾಕ್ಯದಲ್ಲಿ ಮುಗಿಸಿಬಿಡಿ ಎಂದು ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನಮಗೆ ಕಲಿಸುತ್ತಿದ್ದರು. ಈ ಸಂಗತಿ ಎರಡು ವಾಕ್ಯಕ್ಕೆ ಮುಗಿಯುವಂಥದ್ದಲ್ಲ.

ನಮ್ಮ ಮನೆ ಇಳಕಲ್ಲಿನಲ್ಲಿ. ಅಪ್ಪ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಸೀರೆ ನೇಯುತ್ತಾನೆ. ಓಣಿಯ ಹೆಚ್ಚಿನವರು ಪವರ್‌ಲೂಮಿಗೆ ಹೋದರೂ ಅವನು ಹೋಗಲಿಲ್ಲ. ಆ ಗದ್ದಲದಲ್ಲಿ ತಾನು ಹಾಡುವ ಪದ ತನಗೇ ಕೇಳಿಸುವುದಿಲ್ಲ ಎನ್ನುವುದು ಅವನ ಕಾರಣ. ತಿಂಗಳಿಗೊಂದು ಶನಿವಾರ ಬಸ್ಸು ಹಿಡಿದು ತುಳಸಿಗೇರಿಗೆ ಹೋಗಿ, ಹನುಮಪ್ಪನ ಗುಡಿಯಲ್ಲಿ ತನ್ನ ವಯಸ್ಸಿನ ನಾಲ್ಕು ಗೆಳೆಯರ ಜೊತೆ ಭಜನೆ ಪದ ಹಾಡಿ ಬರುತ್ತಾನೆ. ತಿಂಗಳ ಉಳಿದ ದಿನಗಳೆಲ್ಲ ಆ ಒಂದು ದಿನಕ್ಕೆ ತಯಾರಿ. ಅಣ್ಣ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಾನೆ. ನಾನು ದಿನಾ ಹುನಗುಂದಕ್ಕೆ ಹೋಗಿ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅದಕ್ಕೂ ಮೊದಲು ಬಾಗಲಕೋಟೆಯ ಕಾಲೇಜಿನಲ್ಲಿ ಓದುವಾಗ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಮನೆಯ ಕಪಾಟು ತುಂಬ ಬಹುಮಾನದ ಕಪ್ಪು ತಂದವಳು. ಅವ್ವ ಆ ಕಪ್ಪುಗಳ ಧೂಳು ಒರೆಸುವಾಗಲೆಲ್ಲ ಒಂದು ಮಾತು ಹೇಳುತ್ತಾಳೆ: "ನಿನ್ನ ಬಾಯಿ ಅಂದ್ರ ನಮ್ಮ ಲಾಳಿ ಇದ್ದಂಗ ನೋಡವಾ. ಈ ಕಡಿಂದ ಆ ಕಡಿಗೂ ಹೊಕ್ಕೈತಿ, ಆ ಕಡಿಂದ ಈ ಕಡಿಗೂ ಬರ್ತೈತಿ."

ಎರಡು ವರ್ಷದ ಹಿಂದೆ ಅಣ್ಣನ ಮದುವೆಯಾಗಿ ವೈನಿ ಬಂದಳು. ಬಾದಾಮಿ ಹತ್ತಿರದ ಚೊಳಚಗುಡ್ಡದವಳು. ಅವಳ ಅಪ್ಪ ಭಜನೆ ಮಂದಿಯ ಹಾರ್ಮೋನಿಯಂ ಪೇಟಿ, ತಬಲಾ ದುರಸ್ತಿ ಮಾಡುವವರು. ವೈನಿ ಓದಿದ್ದು ಹತ್ತನೆಯ ತರಗತಿಯವರೆಗೆ. ಮಾತು ಕಡಿಮೆ. ಅವಳ ಬಗ್ಗೆ ದೂರು ಹೇಳು ಎಂದು ಯಾರಾದರೂ ನನ್ನನ್ನು ವೇದಿಕೆಗೆ ಹತ್ತಿಸಿದ್ದರೆ, ಗಂಟೆ ಹೊಡೆಯುವ ಮೊದಲೇ ನನ್ನ ಮಾತು ಮುಗಿದುಹೋಗುತ್ತಿತ್ತು. ಅದೇ ನನಗೆ ಸಹಿಸಲಾಗದ ವಿಷಯ.

ಅವಳು ಬಂದ ಆರು ತಿಂಗಳಲ್ಲಿ ಅಪ್ಪ ಕೊಂಡಿ ಹಾಕುವ ಕೆಲಸವನ್ನು ಅವಳಿಗೆ ಒಪ್ಪಿಸಿದ. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು; ಸೆರಗಿಗೆ ಬೇರೆ ಹಾಸು. ಇವೆರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು, ಆಮೇಲೆ ನೇಯಬೇಕು. ಆ ಕುಣಿಕೆಗೇ ಕೊಂಡಿ ಎನ್ನುವುದು. ಸಾಲೆಗೆ ಹೋಗುವ ಕಾಲದಲ್ಲಿ ಅದು ನನ್ನ ಕೆಲಸವಾಗಿತ್ತು. ಕಾಲೇಜಿಗೆ ಹೋದ ಮೇಲೆ ನಾನೇ ಬಿಟ್ಟೆ. ಬಿಟ್ಟ ಕೆಲಸವನ್ನು ಇನ್ನೊಬ್ಬರು ಮಾಡಿದರೆ ಹೊಟ್ಟೆ ಉರಿಯಲು ಕಾರಣವಿಲ್ಲ ಎಂದು ನನಗೆ ನಾನೇ ಅಚ್ಚುಕಟ್ಟಾಗಿ ವಾದಿಸಿ ತೋರಿಸಿದ್ದೇನೆ. ವಾದದಲ್ಲಿ ಗೆದ್ದೆ. ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಕಳೆದ ವರ್ಷ ಮಕ್ಕಳಿಗೆ ತೋರಿಸಲೆಂದು ನಾನೊಂದು ಸಣ್ಣ ಮೈಕ್ರೋಸ್ಕೋಪ್ ತರಿಸಿದೆ. ದಪ್ಪ ಪೆನ್ನಿನಷ್ಟು ಇರುತ್ತದೆ, ತುದಿಯಲ್ಲಿ ಸುತ್ತಲೂ ಪುಟ್ಟ ದೀಪಗಳು. ವೈರಿನಿಂದ ಮೊಬೈಲಿಗೆ ಜೋಡಿಸಿ ಯಾವುದರ ಮೇಲಾದರೂ ಇಟ್ಟರೆ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಮೊದಲ ರವಿವಾರ ಮನೆಯಲ್ಲಿ ನನ್ನದೇ ರಾಜ್ಯ. ಉಪ್ಪಿನ ಹರಳು ತೋರಿಸಿದೆ, ಮೂಲೆ ಮುರಿದ ಗಾಜಿನ ಪೆಟ್ಟಿಗೆಗಳು. ಕುಂಕುಮ ತೋರಿಸಿದೆ, ಬಾಚಣಿಗೆ ಹಲ್ಲು ತೋರಿಸಿದೆ. ಅದನ್ನು ನೋಡಿದ ಅವ್ವ ಕೂಡಲೇ ಎದ್ದು ಮನೆಯ ಬಾಚಣಿಗೆಗಳನ್ನೆಲ್ಲ ಬಿಸಿನೀರಿಗೆ ಹಾಕಿದಳು. ಜೋಳದ ರೊಟ್ಟಿ ಸುಟ್ಟು ಕಪ್ಪಾದ ಜಾಗ ತೋರಿಸಿದಾಗ ಅಪ್ಪ, "ಇದು ನಮ್ಮ ಹನುಮಪ್ಪನ ಗುಡಿ ಹಿಂದಿನ ಗುಡ್ಡಾ ಅಲ್ಲೇನು?" ಎಂದು ನಕ್ಕ. ಅವನು ನನ್ನ ಪಕ್ಕಕ್ಕೆ, ಭುಜಕ್ಕೆ ಭುಜ ತಾಗಿಸಿ ಕೂತು ಬಹಳ ದಿನಗಳಾಗಿದ್ದವು.

ಅಷ್ಟಕ್ಕೇ ನಿಲ್ಲಿಸಬೇಕಾಗಿತ್ತು. ನಾನು ಪಕ್ಕದ ಮನೆಯ ಕಾಕಾನ ತಬಲಾ ತರಿಸಿದೆ. ಪರದೆ ತೋರಿಸುವ ಮೊದಲು, ಪಾಠದ ಶೈಲಿಯಲ್ಲಿ, ತಬಲಾದ ನಡುವಿನ ಆ ಕಪ್ಪು ಶಾಯಿ ಕನ್ನಡಿಯ ಹಾಗೆ ನುಣುಪಾಗಿರಬೇಕು, ಇಲ್ಲದಿದ್ದರೆ ನಾದ ಒಡೆಯುತ್ತದೆ ಎಂದು ಘೋಷಿಸಿದೆ. ಆಮೇಲೆ ಮೈಕ್ರೋಸ್ಕೋಪ್ ಇಟ್ಟೆ. ಪರದೆ ತುಂಬ ಬಿರುಕು. ಬಿರುಕಿನೊಳಗೆ ಬಿರುಕು.

ರೊಟ್ಟಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದ ವೈನಿ ಬಗ್ಗಿ ನೋಡಿದಳು.

"ಬ್ಯಾಸಗ್ಯಾಗ ಎರಿ ಹೊಲ ಬಿರಕಬಿಟ್ಟಂಗ ಐತಿ" ಅಂದಳು. "ಹಿಂಗ ಇರಬೇಕ್ರಿ ಮಾವಾರ. ನಮ್ಮಪ್ಪ ಶಾಯಿ ಹಚ್ಚಿದ ಮ್ಯಾಲ ಕಲ್ಲು ತಗೊಂಡು ತಿಕ್ಕಿ ತಿಕ್ಕಿ ಬಿರಕ ಬಿಡಸ್ತಾನ. ತುಂಡು ತುಂಡು ಆದ್ರನ ಅದು ಚರ್ಮದ ಜೋಡಿ ಕುಣೀತೈತಿ. ಒಂದ ಹೆಂಟಿ ಆಗಿ ಕುಂತ್ರ ಹಲಗಿ ಬಡದಂಗ ಕೇಳಸ್ತೈತಿ."

"ಏ, ಖರೇನ!" ಅಂದ ಕಾಕಾ. ಅಪ್ಪ ನನ್ನ ಪಕ್ಕದಿಂದ ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತ. ತಬಲಾ ಅವಳ ಕಡೆಗಿತ್ತು ಅನ್ನುವುದಷ್ಟೇ ಕಾರಣ ಇರಬಹುದು. ನಾನು ಆ ಎರಡು ಹೆಜ್ಜೆಗಳನ್ನು ಇವತ್ತಿಗೂ ಮರೆತಿಲ್ಲ.

ಮುಂದಿನ ವಾರ ಮಗ್ಗದ ಮೇಲಿದ್ದ ವೈನಿಯ ಕೊಂಡಿಗಳ ಮೇಲೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಅರ್ಧ ದಿನ ಕೂತೆ. ತಪ್ಪು ಹುಡುಕುವುದೇ ಉದ್ದೇಶ. ನೀಲಿ ನೂಲಿನ ಕುಣಿಕೆಯೊಳಗೆ ಕೆಂಪು ರೇಷ್ಮೆಯ ಕುಣಿಕೆ, ಇಬ್ಬರು ತೋರುಬೆರಳು ಕೊಕ್ಕೆ ಹಾಕಿ ಎಳೆದಾಡುವ ಹಾಗೆ. ಸಾಲಾಗಿ, ಒಂದರಂತೆ ಇನ್ನೊಂದು. ಕೊನೆಗೂ ಒಂದು ಕಡೆ ಎರಡು ಎಳೆ ಒಂದೇ ಕುಣಿಕೆಗೆ ಬಿದ್ದದ್ದು ಸಿಕ್ಕಿತು. ಅಪ್ಪನನ್ನು ಕೂಗಿ ತೋರಿಸಿದೆ.

ಅಪ್ಪ ಕನ್ನಡಕ ಏರಿಸಿ ನೋಡಿದ. "ಇದನ್ನ ಹುಡುಕಾಕ ಎಷ್ಟೊತ್ತು ಹಿಡೀತು?"

"ಮುಂಜಾನಿಂದ."

"ಮಷಿನ್ ಹಚ್ಚಿ ಮುಂಜಾನಿಂದ ಹುಡುಕಿ ಒಂದ ಸಿಕ್ತು ಅಂದ್ರ ಅಕಿ ಕೆಲಸ ಭಾಳ ಚಲೋ ಅಂತ ನೀನ ಹೇಳಿದಂಗ ಆತು" ಎಂದು ಹೇಳಿ ಮತ್ತೆ ಕುಣಿಯೊಳಗೆ ಕಾಲಿಳಿಬಿಟ್ಟ.

ನಿರ್ಣಾಯಕರ ಸ್ಥಾನದಲ್ಲಿ ನಾನಿದ್ದರೆ ಅವನಿಗೇ ಅಂಕ ಕೊಡುತ್ತಿದ್ದೆ.

ಈಗ ತಂಬೂರಿಯ ವಿಷಯ. ಅಪ್ಪನಿಗೆ ಅದನ್ನು ಕೊಟ್ಟದ್ದು ಬಾದಾಮಿಯಲ್ಲಿದ್ದ ಅವನ ಹಾಡಿನ ಗುರು. ತಂಬೂರಿಯ ನಾಲ್ಕೂ ತಂತಿಗಳು ಬುಡದ ಕುಂಬಳ ಬುರುಡೆಯ ಮೇಲೆ ಅವನ್ನು ಎತ್ತಿ ಹಿಡಿಯುವ ಎಲುಬಿನ 'ಕುದುರೆ'ಯನ್ನು ದಾಟಿ ಹೋಗುತ್ತವೆ. ಪ್ರತಿ ತಂತಿಗೂ ಕುದುರೆಗೂ ನಡುವೆ ಒಂದು ಎಳೆ ದಾರ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ, ಸರಿಯಾದ ಜಾಗದಲ್ಲಿ ತಂತಿ ಝೇಂಕರಿಸುತ್ತದೆ. ಆ ದಾರಕ್ಕೆ ಅಪ್ಪ 'ಜೀವ' ಎನ್ನುತ್ತಾನೆ. ಗುರು ಕಟ್ಟಿದ ದಾರ ಸವೆದು ಹರಿದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಒಂದು ಚಲೋ ದಾರ ಹುಡುಕು ಎಂದು ಅಪ್ಪ ನನಗೆ ಹೇಳಿದ. ನೇಕಾರರ ಮನೆಯ ಮಗಳಿಗೆ ಚಲೋ ದಾರ ಅಂದರೆ ಯಾವುದು? ಮಗ್ಗಕ್ಕೆ ಏರಿಸಲು ಸಿದ್ಧವಾದ ಹಾಸಿನ ದಾರ. ಗಂಜಿ ಕುಡಿದು, ಒಣಗಿ, ಎಳೆದರೆ ಟಣ್ ಎನ್ನುವಂಥದ್ದು. ಗಂಜಿ ಹಾಕದ ನೂಲು ನಮ್ಮ ಮನೆಯಲ್ಲಿ ನೂಲೇ ಅಲ್ಲ, ಹಸಿ. ನಾನು ಬಿಳಿ ಹಾಸಿನ ನಾಲ್ಕು ಎಳೆ ಕತ್ತರಿಸಿ ಕಟ್ಟಿದೆ. ಅಪ್ಪನೂ ಒಪ್ಪಿದ. ಅವನೂ ನೇಕಾರನೇ ತಾನೆ. ಅಂದಿನಿಂದ ತಂಬೂರಿ ಮೊದಲಿನ ಹಾಗೆ ನುಡಿಯಲಿಲ್ಲವಂತೆ. ವಾದ್ಯಕ್ಕೆ ವಯಸ್ಸಾಯಿತು ಎಂದು ಅವನು ಅದನ್ನೇ ಒಗ್ಗಿಸಿಕೊಂಡು ಹಾಡಿದ. ಈ ಕೊನೆಯ ಸಂಗತಿ ನನಗೆ ಗೊತ್ತಾದದ್ದು ವೈನಿಯಿಂದ.

ಒಂದು ಮಧ್ಯಾಹ್ನ ಅವಳು ತಂಬೂರಿಯ ಧೂಳು ಒರೆಸುತ್ತಿದ್ದವಳು, ಉಗುರಿನಿಂದ ಆ ದಾರಗಳನ್ನು ಒತ್ತಿ ನೋಡಿ, "ಇದರಾಗ ಗಂಜಿ ಐತ್ರಿ ಮಾವಾರ. ತಂತಿಗೆ ಮೆತ್ತಗಿಂದು ಬೇಕ್ರಿ" ಅಂದಳು. ಅಪ್ಪನ ಹಳೆಯ ಧೋತರ, ತೊಳೆದು ತೊಳೆದು ಹತ್ತಿಯಂತಾದದ್ದು, ಅದರ ಅಂಚಿನಿಂದ ನಾಲ್ಕು ಎಳೆ ಹಿರಿದಳು. ಒಂದೊಂದಾಗಿ ತಂತಿಯ ಕೆಳಗೆ ತೂರಿಸಿ, ಕಿವಿ ಹತ್ತಿರ ಹಿಡಿದು, ಸರಿಸಿ, ಮೀಟಿ, ಮತ್ತೆ ಸರಿಸಿ. ನಾಲ್ಕನೆಯದು ಕೂತ ಮೇಲೆ ನಾಲ್ಕನ್ನೂ ಮೀಟಿದಳು.

ನನಗೆ ಕೇಳಿಸಿದ್ದು ತಂಬೂರಿಯ ಸದ್ದು. ಅಷ್ಟೇ. ಅಪ್ಪನಿಗೆ ಏನು ಕೇಳಿಸಿತೋ, ಲಾಳಿ ಕೆಳಗಿಟ್ಟ. "ಇಷ್ಟ ವರ್ಷ ಎಲ್ಲಿ ಹೋಗಿತ್ತವಾ ಇದು?" ಎಂದು ಕೇಳಿದ. ಅವಳನ್ನು ಕೇಳಿದ.

"ದಾರ ದಾರಾನ" ಎಂದೆ ನಾನು. "ವೈನಿ ಈಗ ಬದಲಿ ಮಾಡಿದ್ರು ಅಂತ ನಿಂಗ ಹಂಗ ಅನಸ್ತೈತಿ. ಮನಸಿನ ಆಟ ಅದು."

"ಇರ್ಲಿ ಬಿಡು, ನಿನ್ನ ಮಷಿನ್ ತಾ, ನೋಡೋಣು" ಅಂದ ಅಪ್ಪ.

ಇಟ್ಟು ನೋಡಿದೆ. ತಂತಿ ಉಜ್ಜಿ ಉಜ್ಜಿ ಕುದುರೆಯ ಎಲುಬಿನಲ್ಲಿ ಸಣ್ಣ ಕಾಲುವೆ ಬಿದ್ದಿತ್ತು. ಅದರ ಮೇಲೆ ಧೋತರದ ಎಳೆ, ನೂರು ಪುಟ್ಟ ಕೂದಲು ಎದ್ದು ನಿಂತದ್ದು, ತಂತಿ ಒತ್ತಿದಲ್ಲಿ ತಗ್ಗಿ ಜಾಗ ಕೊಟ್ಟದ್ದು. ಪಕ್ಕದಲ್ಲಿ ಬಿದ್ದಿದ್ದ ನನ್ನ ಹಳೆಯ ದಾರವನ್ನೂ ಇಟ್ಟೆ. ಅದರ ಮೈಗೆ ಗಂಜಿ ಒಣಗಿ ಗಾಜಿನ ಹಾಗೆ ಹೊಳೆಯುತ್ತಿತ್ತು, ಒಂದು ಕೂದಲೂ ಹೊರಗೆ ತಲೆ ಹಾಕಿರಲಿಲ್ಲ. ವ್ಯತ್ಯಾಸ ಕುರುಡರಿಗೂ ಕಾಣುವಂಥದ್ದು. ಮೊಬೈಲನ್ನು ನನ್ನ ಕಡೆಗೇ ತಿರುಗಿಸಿಕೊಂಡು, "ಏನೂ ಫರಕ್ ಇಲ್ಲ" ಎಂದೆ.

ಹತ್ತು ಜನರ ಮುಂದೆ ಸಾಕ್ಷ್ಯ ಎಲ್ಲಿದೆ, ತೋರಿಸಿ ಎಂದು ಮೇಜು ಬಡಿಯುತ್ತಿದ್ದವಳು ನಾನು. ಸಾಕ್ಷ್ಯ ನನ್ನ ಕೈಯಲ್ಲಿ ಹೊಳೆಯುತ್ತಿತ್ತು.

ಆ ವಾರದ ಕೊನೆಗೆ ವೈನಿ ತನ್ನ ಬಸುರಿ ತಂಗಿಯ ಕುಬಸಕ್ಕೆಂದು ಚೊಳಚಗುಡ್ಡಕ್ಕೆ ಹೋದಳು. ಅಪ್ಪ ನೂಲು ತರಲು ಹೋಗಿದ್ದ ಹೊತ್ತಿನಲ್ಲಿ ನಾನು ತಂಬೂರಿ ಮಲಗಿಸಿ ಅವಳ ನಾಲ್ಕು ಎಳೆಗಳನ್ನು ತೆಗೆದು ನನ್ನ ನಾಲ್ಕನ್ನು ತೂರಿಸಿದೆ. ಇದು ಪ್ರಯೋಗ ಎಂದು ನನಗೆ ಹೇಳಿಕೊಂಡೆ. ಅಪ್ಪನಿಗೆ ಗೊತ್ತಾಗದಿದ್ದರೆ ನನ್ನ ವಾದ ಗೆದ್ದಿತು. ಗೊತ್ತಾದರೆ, ಪ್ರಯೋಗ ಮಾಡಿದೆ ಎಂದು ನಕ್ಕುಬಿಡುವುದು. ಎರಡೂ ಕಡೆಯ ಉತ್ತರ ತಯಾರಿಟ್ಟುಕೊಂಡಿದ್ದೆ. ಮೂರನೆಯದೊಂದು ಇರಬಹುದು ಎಂದು ಹೊಳೆಯಲಿಲ್ಲ.

ಸಂಜೆ ಅಪ್ಪ ತಂಬೂರಿ ತೆಗೆದುಕೊಂಡು ಮೀಟಿದ. ನಿಲ್ಲಿಸಿದ. ಖುಂಟಿ ತಿರುವಿ ಶ್ರುತಿ ನೋಡಿದ, ಅದು ಸರಿಯಿತ್ತು. ಕುಂಬಳಕ್ಕೆ ಕಿವಿ ಹಚ್ಚಿ ಮೀಟಿದ. ಆಮೇಲೆ ಕಿರುಬೆರಳನ್ನು ಕಿವಿಗೆ ಹಾಕಿ ಅಲುಗಾಡಿಸಿದ. ಎಡಗಿವಿ, ಬಲಗಿವಿ.

"ಕೇಳಸವಲ್ದಲ್ಲ" ಅಂದ.

ಈಗ ನಗಬೇಕಾಗಿತ್ತು. ನಗಲಿಲ್ಲ, ಯಾಕೆಂದರೆ ಅವನು ದಾರದ ಮೇಲೆ ಅನುಮಾನ ಪಡಲೇ ಇಲ್ಲ. ಸೊಸೆ ಕಟ್ಟಿದ ದಾರ, ಅದರಲ್ಲಿ ತಪ್ಪಿರಲು ಸಾಧ್ಯವಿಲ್ಲ, ಅಂದಮೇಲೆ ತಪ್ಪು ತನ್ನ ಕಿವಿಯದೇ. ಅಷ್ಟು ನಂಬಿಕೆ! ನನ್ನ ಯಾವ ಮಾತನ್ನಾದರೂ ಅವನು ಹಾಗೆ ನಂಬಿದ್ದನೇ? ಆ ಕ್ಷಣ ನನಗೆ ಅಪ್ಪನ ಮೇಲೆ ಕನಿಕರ ಬರಲಿಲ್ಲ, ಅವಳ ಮೇಲೆ ಸಿಟ್ಟು ಬಂತು.

ಮರುದಿನ ಖಾತ್ರಿಗೆಂದು ಅವನೇ ನನ್ನನ್ನು ಕರೆದ. "ನನಗ ಕಣ್ಣಿಗೆ ಕಾಣಂಗಿಲ್ಲ. ನಿನ್ನ ಮಷಿನ್ ಹಚ್ಚಿ ನೋಡು, ದಾರ ಸರಿ ಕುಂತಾವೇನು?"

ಹಚ್ಚಿದೆ. ಪರದೆಯ ಮೇಲೆ ಗಂಜಿ ಹೊಳೆಯಿತು.

"ಸರಿ ಅದಾವ" ಎಂದೆ.

"ಹಂಗಾರ ಕಿವಿನ ಹೋದುವು" ಅಂದ ಅಪ್ಪ, ಚಹಾ ಆರಿತು ಅನ್ನುವಷ್ಟು ಸಾಧಾರಣವಾಗಿ.

ಸೋಮವಾರ ರಜೆ ಹಾಕಿ ಅವನನ್ನು ಬಾಗಲಕೋಟೆಯ ಕಿವಿ ದವಾಖಾನೆಗೆ ಕರೆದುಕೊಂಡು ಹೋದದ್ದೂ ನಾನೇ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿರಿ ಎಂದರು. ವಯಸ್ಸಿಗೆ ತಕ್ಕಷ್ಟು ಸ್ವಲ್ಪ ಕಡಿಮೆಯಾಗಿದೆ, ದಿನದ ವ್ಯವಹಾರಕ್ಕೇನೂ ತೊಂದರೆಯಿಲ್ಲ ಎಂದರು ಡಾಕ್ಟರು. ಅಪ್ಪ ಆ ವಾಕ್ಯದ ಮೊದಲ ಅರ್ಧವನ್ನು ಮಾತ್ರ ಮನೆಗೆ ತಂದ. ನಾನು ಅದಕ್ಕಿಂತ ಹೆಚ್ಚಿನದನ್ನು ತಂದೆ. ಕಿವಿ ನಿಜವಾಗಿಯೂ ಸ್ವಲ್ಪ ಮಂದವಾಗಿದೆ ಎಂದು ಈಗ ಡಾಕ್ಟರೇ ಹೇಳಿದ್ದಾರೆ, ಅಂದಮೇಲೆ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಸ್ಸು ಹುನಗುಂದ ದಾಟುವಷ್ಟರಲ್ಲಿ ಈ ವಾದಕ್ಕೆ ನಾನು ಪೀಠಿಕೆ, ಉಪಸಂಹಾರ ಎರಡೂ ಜೋಡಿಸಿದ್ದೆ. ಪಕ್ಕದ ಸೀಟಿನಲ್ಲಿ ಅಪ್ಪ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ನಡುವೆ ಅದು ನಿಂತಿತು.

ಮನೆಗೆ ಬಂದವನೇ ತುಳಸಿಗೇರಿಯ ಗೆಳೆಯರಿಗೆ ಫೋನು ಮಾಡಿ, "ಈ ಶನಿವಾರದಿಂದ ನಾ ಬರಂಗಿಲ್ರಪಾ, ಸುರ ಹಿಡಿಯೂದು ತಪ್ಪೈತಿ" ಅಂದ. ಆ ಕಡೆಯಿಂದ ಬೈಗಳ ಕೇಳಿಸಿತು. ಅವನು ಫೋನು ಇಟ್ಟ. ಅವ್ವನ ಹಳೆಯ ಸೀರೆಯಲ್ಲಿ ತಂಬೂರಿ ಸುತ್ತಿ ಮೂಲೆಗೆ ನಿಲ್ಲಿಸಿದ.

"ಬೀಗರ ಮನಿಗೆ ಕೊಟ್ಟು ಬಿಡೋಣು. ಅಲ್ಲಿ ಬಾರಿಸವರು ಅದಾರ" ಅಂದ. "ಸೊಸಿ ಬರ್ಲಿ, ಅಕಿ ಕೈಯಾಗ ಕೊಡ್ತೇನಿ."

ಅಂದರೆ ನನ್ನ ಹೊಟ್ಟೆಕಿಚ್ಚಿನ ಒಟ್ಟು ಫಲವೆಂದರೆ, ತಂಬೂರಿ ವೈನಿಯ ತವರುಮನೆ ಸೇರುವುದು.

ಗುರುವಾರ ಮಧ್ಯಾಹ್ನ ವೈನಿ ಬಂದಳು. ನಾನೂ ಆ ದಿನ ಅರ್ಧ ರಜೆ ಹಾಕಿ ಮನೆಯಲ್ಲಿದ್ದೆ. ನೀರು ಕುಡಿದು ಕೂತವಳ ಮುಂದೆ ಅಪ್ಪ ಗಂಟನ್ನು ಇಟ್ಟು, ದವಾಖಾನೆಯ ಕಥೆ ಹೇಳಿ, "ನಿಮ್ಮ ಅಪ್ಪಗ ಕೊಡವಾ" ಅಂದ. ಅವಳು ಗಾಬರಿಯಿಂದ ಸೀರೆ ಬಿಚ್ಚಿ, ಒಂದೇ ಒಂದು ಸಲ ನಾಲ್ಕೂ ತಂತಿ ಮೀಟಿದಳು. ಕೈ ಹಾಗೆಯೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. ಅಪ್ಪನನ್ನಲ್ಲ, ಅವ್ವನನ್ನಲ್ಲ, ನನ್ನನ್ನೇ.

ಆಮೇಲೆ ಏನು ಹೇಳಿದಳು ಗೊತ್ತೇ? "ನಾ ಕಟ್ಟಿದ್ದ ದಾರ ಜಾರಿರಬೇಕ್ರಿ ಮಾವಾರ. ನನ್ನ ತಪ್ಪ. ಧೋತರದ ದಾರ ಭಾಳ ದಿನ ತಡಿಯಂಗಿಲ್ಲ. ಮತ್ತ ಕಟ್ತೇನಿ ತಡೀರಿ."

ನನ್ನನ್ನು ಕಾಪಾಡಿದಳು. ಹತ್ತನೆಯ ತರಗತಿ ಓದಿದ, ನಾಲ್ಕು ಮಾತಿಗೆ ಒಂದು ಮಾತಾಡುವ ಆ ಹೆಂಗಸು, ನನ್ನ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡಳು. ಇದೊಂದು ಬಾಕಿ ಇತ್ತು. ಒಳ್ಳೆಯತನದಲ್ಲೂ ಅವಳೇ ಮೇಲಾಗಿ, ನಾನು ಅವಳ ಕೃಪೆಯ ನೆರಳಿನಲ್ಲಿ ಬದುಕಬೇಕೇ? ನಾನು ಬಾಯಿಬಿಟ್ಟದ್ದು ಪಶ್ಚಾತ್ತಾಪದಿಂದ ಎಂದು ಬರೆದುಕೊಂಡರೆ ಚೆನ್ನಾಗಿರುತ್ತಿತ್ತು. ಬಿಟ್ಟದ್ದು ಹೊಟ್ಟೆಕಿಚ್ಚಿನಿಂದ.

"ಜಾರಿಲ್ಲ" ಎಂದೆ. "ನಾನ ತಗದೆ. ನನ್ನ ಹಳೇ ಗಂಜಿ ದಾರ ಹಾಕೀನಿ. ಅಪ್ಪನ ಕಿವಿಗೆ ಏನೂ ಆಗಿಲ್ಲ."

ಮುಂದೆ ಆದದ್ದು ನಾನು ಎಣಿಸಿದ್ದಲ್ಲ. ಅಪ್ಪ ನಂಬಲಿಲ್ಲ.

"ಬ್ಯಾಡವಾ" ಅಂದ ಮೆತ್ತಗೆ. "ನನ್ನ ಸಮಾಧಾನಕ್ಕ ನೀ ಹಿಂಗ ಹೇಳಾಕತ್ತಿ. ಗೊತ್ತಾಗ್ತೈತಿ ನನಗ. ಮೊನ್ನಿ ನೀನ ಮಷಿನ್ ಹಚ್ಚಿ ಸರಿ ಐತಿ ಅಂದಿ."

"ಸುಳ್ಳ ಹೇಳಿದ್ದೆ."

"ಇಲ್ಲ, ಈಗ ಹೇಳಾಕತ್ತಿ. ನಿನಗೇನು, ಯಾವ ಕಡಿ ಬೇಕಾದ್ರೂ ನಿಂತು ಮಾತಾಡ್ತಿ."

ಎಷ್ಟೋ ವೇದಿಕೆಗಳ ಮೇಲೆ ಸುಳ್ಳನ್ನು ನಂಬಿಸಿದವಳ ಬಾಯಿಂದ ನಿಜ ಹೊರಬಂದಾಗ ಅದಕ್ಕೆ ಒಂದು ಮತವೂ ಬೀಳಲಿಲ್ಲ. ಮೈಕ್ರೋಸ್ಕೋಪ್ ತಂದು ಕುದುರೆಯ ಮೇಲಿಟ್ಟು, ಮೊಬೈಲನ್ನು ಈ ಸಲ ಅವನ ಕಡೆಗೆ ತಿರುಗಿಸಿದೆ. ಐವತ್ತು ವರ್ಷ ಹಾಸಿನ ನೂಲಿಗೆ ಗಂಜಿ ಹಚ್ಚಿದ ಮನುಷ್ಯ, ಹೊಳಪು ನೋಡಿದ ತಕ್ಷಣ ಗುರುತಿಸಿದ. ಮುಖ ಗಟ್ಟಿಯಾಯಿತು.

"ಗಂಜಿ ಐತಿ, ಖರೆ. ಆದ್ರ ಕಿವಿ? ಡಾಕ್ಟರ ಹೇಳ್ಯಾರಲ್ಲ."

"ಪರೀಕ್ಷಾ ಮಾಡೋಣು. ನೀ ಮಗ್ಗದ ಕಡಿ ಮಾರಿ ಮಾಡಿ ಕುಂದ್ರು. ನಾವು ದಾರ ಬದಲಿ ಮಾಡಿ ಬಾರಸ್ತೇವಿ. ಯಾವುದು ಅಂತ ನೀ ಹೇಳು."

ಅಪ್ಪ ಬೆನ್ನು ತಿರುಗಿಸಿ ಕೂತ. ಕಪಾಟಿನಲ್ಲಿ ಒಂದು ಕಾಗದದೊಳಗೆ ಮಡಚಿಟ್ಟಿದ್ದ ವೈನಿಯ ನಾಲ್ಕು ಎಳೆಗಳನ್ನು ತಂದು ಅವಳ ಕೈಗಿಟ್ಟೆ. ನಾನು ಅವನ್ನು ಎಸೆದಿರಲಿಲ್ಲ ಎನ್ನುವುದನ್ನು ನನ್ನ ಪರವಾಗಿ ಯಾರಾದರೂ ಬರೆದುಕೊಳ್ಳಬಹುದು. ಒಂದು ಸಲ ಅವಳ ದಾರ, ಆಮೇಲೆ ಎರಡು ಸಲ ಸಾಲಾಗಿ ನನ್ನದು. ದಾರ ಯಾರದ್ದೇ ಇರಲಿ, ಸರಿಯಾದ ಜಾಗ ಹುಡುಕಿ ಕೂರಿಸುವ ಕೆಲಸ ಪ್ರತಿ ಸಲವೂ ವೈನಿಯದೇ. ಇಲ್ಲದಿದ್ದರೆ ಫರಕು ದಾರದ್ದೋ ಕೈಯದ್ದೋ ಎಂದು ಹೇಗೆ ಹೇಳುವುದು? ಅನುಮಾನದ ಅಭ್ಯಾಸ ಆಗಲೂ ನನ್ನನ್ನು ಬಿಟ್ಟಿರಲಿಲ್ಲ.

"ಇದು ಸೊಸೀದು" ಅಂದ ಅಪ್ಪ. "ಇದು ಮಗಳದು. ಇದೂ ಮಗಳದು."

ಒಂದೂ ತಪ್ಪಲಿಲ್ಲ. ಕೊನೆಗೆ ನಾನು ಕಣ್ಸನ್ನೆ ಮಾಡಿ ನಾಲ್ಕೂ ದಾರಗಳನ್ನು ತೆಗೆಸಿಬಿಟ್ಟೆ. ವೈನಿ ಬರಿ ತಂತಿ ಮೀಟಿದಳು.

"ಈಗ ಯಾರದೂ ಇಲ್ಲ. ಏನ ಚಾಷ್ಟಿ ಹಚ್ಚೀರಿ?" ಎಂದು ತಿರುಗಿದ.

ಅವನ ಮುಖ ನೋಡುವ ಧೈರ್ಯವಿಲ್ಲದೆ, "ನಾನೂ ಕುಂದರ್ತೇನಿ" ಎಂದು ನಾನು ಮಗ್ಗದ ಕಡೆ ಮುಖ ಮಾಡಿ ಕೂತೆ. ವೈನಿ ದಾರ ಬದಲಿಸಿ ಬಾರಿಸಿದಳು. ಮೊದಲನೆಯದು ತಪ್ಪು ಹೇಳಿದೆ. ಎರಡನೆಯದು ಸರಿ. ಮೂರು, ನಾಲ್ಕು ತಪ್ಪು. ನಾಣ್ಯ ಚಿಮ್ಮಿದ್ದರೆ ಇದಕ್ಕಿಂತ ಹೆಚ್ಚು ಅಂಕ ಬರುತ್ತಿದ್ದವು. ಅವರಿಬ್ಬರಿಗೆ ಬೆನ್ನ ಹಿಂದಿನಿಂದ ಕೇಳಿಸುವುದನ್ನು ನಾನು ಗಾಜು ಹಚ್ಚಿ, ದೀಪ ಹಾಕಿ, ದೊಡ್ಡದು ಮಾಡಿಯೇ ನೋಡಬೇಕು. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಕೊಂಡಿಗಾಗಿ ಅಲ್ಲ, ಇದಕ್ಕಾಗಿ. ಅಪ್ಪನ ಜೊತೆ ಕೂತು ಅವನು ಕೇಳುವುದನ್ನು ಕೇಳಬಲ್ಲವರು ಆ ಮನೆಗೆ ಹೊರಗಿನಿಂದ ಬರಬೇಕಾಯಿತು.

ಅಪ್ಪನ ಸಿಟ್ಟು ತಡವಾಗಿ ಬರುತ್ತದೆ. ಚಹಾ ಕುಡಿದಾದ ಮೇಲೆ ಬಂತು.

"ಬಸ್ಸಿನ್ಯಾಗ ನನ್ನ ಬಾಜೂಕ ಕುಂತಿದ್ದಿ" ಅಂದ. "ಬಾಗಲಕೋಟಿಗೆ ಹೋಗುಮುಂದೂ, ಬರುಮುಂದೂ. ಆ ಗಾಜಿನ ಖೋಲ್ಯಾಗ ನನ್ನ ಕುಂದ್ರಿಸಿದಾಗ ಹೊರಗ ನಿಂತು ನೋಡ್ತಿದ್ದಿ. ಆಗ ಎಲ್ಲಿ ಹೋಗಿತ್ತು ನಿನ್ನ ಬಾಯಿ?"

ಅವ್ವ ಏನೋ ಹೇಳಲು ಹೋದಳು. ವೈನಿ ಅವಳಿಗಿಂತ ಮೊದಲು ಮಾತಾಡಿದಳು, ನನ್ನ ಕಡೆ ನೋಡದೆ. "ನನ್ನ ಮ್ಯಾಲ ಸಿಟ್ಟಿದ್ರ ನನ್ನ ಜೋಡಿ ಜಗಳಾಡಬೇಕಿತ್ರಿ. ನಾ ಕಟ್ಟಿದ ಕೊಂಡಿ ಹರೀರಿ, ನಾ ಮಾಡಿದ ರೊಟ್ಟಿ ಸೀದಾವು ಅನ್ರಿ. ಮುದುಕರ ಕಿವಿ ಕಸಗೋಬಾರದ್ರಿ." ಎರಡು ವರ್ಷಗಳಲ್ಲಿ ಅವಳು ನನಗೆ ಅಂದ ಅತಿ ಉದ್ದದ ಮಾತು. ಮೊದಲು ಕಾಪಾಡಿದವಳು ಈಗ ಬೈದಳು, ಬೈಗುಳವೇ ನನಗೆ ಹಗುರವೆನಿಸಿತು.

"ಮುದುಕ ಯಾರಲೇ?" ಎಂದು ಅಪ್ಪ ಅವಳ ಮೇಲೂ ಹರಿಹಾಯ್ದ. ಆಮೇಲೆ ನನ್ನ ಕಡೆ ಬೆರಳು ಮಾಡಿದ. "ಶನಿವಾರ ನೀನೂ ತುಳಸಿಗೇರಿಗೆ ಬರ್ತಿ. ಸುರ ತಪ್ಪೈತಿ ಅಂತ ನಾನ ನನ್ನ ಬಾಯಿಂದ ಹೇಳೇನಿ ಆ ಮಂದಿಗೆ. ಯಾಕ ತಪ್ಪಿತ್ತು ಅಂತ ನೀ ಹೇಳ್ತಿ. ನಾ ಹೇಳಂಗಿಲ್ಲ."

ಶನಿವಾರ ಮೂವರೂ ಹೋದೆವು. ತಂಬೂರಿ ವೈನಿಯ ಮಡಿಲಲ್ಲಿತ್ತು. ಗುಡಿಯ ಪೌಳಿಯ ನೆರಳಿನಲ್ಲಿ ಆ ನಾಲ್ಕು ಜನ ಕಾಲು ಚಾಚಿ ಕೂತಿದ್ದರು. ಅಪ್ಪನನ್ನು ನೋಡಿ, "ಬಂದ ನೋಡ್ರಲೇ ಕಿವುಡ!" ಎಂದು ಒಬ್ಬರು ಕೂಗಿದರು. ಅಪ್ಪ ನಗಲಿಲ್ಲ. ಚಪ್ಪಲಿ ಬಿಟ್ಟು ಕೂತು, "ನನ್ನ ಮಗಳು ಏನೋ ಹೇಳಾಕ ಬಂದಾಳ, ಕೇಳ್ರಿ" ಅಂದ.

ಮೈಕಿನ ಮುಂದೆ, ದೊಡ್ಡ ಸಭಾಂಗಣಗಳಲ್ಲಿ ನಿಂತವಳು ನಾನು. ಅಲ್ಲಿ ಯಾವಾಗಲೂ ಎದುರು ಪಕ್ಷ ಒಂದಿರುತ್ತದೆ, ಅದನ್ನು ಹೊಡೆಯುತ್ತ ಹೋದರೆ ನಮ್ಮ ಮಾತು ತಾನೇ ನಿಲ್ಲುತ್ತದೆ. ಇಲ್ಲಿ ನಾಲ್ಕು ಮುದುಕರು ಕೈ ಕಟ್ಟಿ ಕೂತಿದ್ದರು, ಎದುರು ಪಕ್ಷ ಇರಲಿಲ್ಲ. ಪೀಠಿಕೆ ಬಾಯಿಗೆ ಬಂತು, ನುಂಗಿದೆ.

"ಅಪ್ಪನ ಕಿವಿ ಚಲೋ ಅದಾವ್ರಿ" ಎಂದೆ. "ನಮ್ಮ ವೈನಿ ತಂಬೂರಿಗೆ ಚಲೋ ದಾರ ಕಟ್ಟಿದ್ರು. ಅಪ್ಪ ಭಾಳ ಖುಷಿಯಾದ. ನನಗ ತಡಕೊಳ್ಳಾಕ ಆಗಲಿಲ್ಲ. ಅವರು ಇಲ್ಲದಾಗ ಅದನ್ನ ತಗದು ಕೆಟ್ಟ ದಾರ ಹಾಕಿದೆ. ಅಪ್ಪ ಕೇಳಿದಾಗ ಸುಳ್ಳ ಹೇಳಿದೆ. ಹೊಟ್ಟಿಕಿಚ್ಚರಿ. ಅಷ್ಟ."

ತಬಲಾ ಬಾರಿಸುವ ಅಜ್ಜ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಹೊಟ್ಟಿಕಿಚ್ಚು ಅಂತ ಹಿಂಗ ಬಾಯಿಬಿಟ್ಟು ಹೇಳಿದ್ದನ್ನ ನಾ ಇವತ್ತ ಕೇಳಿದ್ದು" ಅಂದರು. ಅವರ ಪಕ್ಕದವರು ಅಪ್ಪನ ಕಡೆ ಕತ್ತು ತಿರುಗಿಸಿ, "ಇಂವ ಮುಂದ ಕುಂತು ಹಾಡ್ತಾನ, ನಾ ಹಿಂದ ಕುಂತು ಹಾಂ ಹಾಂ ಅಂತೇನಿ. ಎಷ್ಟು ವರ್ಷ ಆತು? ಇವನ ದನಿ ಒಡೀಲಿ ಅಂತ ನಾ ಎಷ್ಟ ಸಲ ಬೇಡಕೊಂಡಿಲ್ಲ ಈ ಹನುಮಪ್ಪಗ!" ಎಂದರು.

"ಅದಕ್ಕ ಹೋದ ವರ್ಷ ಒಡೀತೇನಲೇ?" ಅಂದ ಅಪ್ಪ. ಈ ಸಲ ನಕ್ಕ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕ್ಷಮಿಸಿದೆವು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಪ್ಪ ವೈನಿಗೆ ಕೈ ಮಾಡಿ ತನ್ನ ಹಿಂದೆ ಕೂರಲು ಹೇಳಿದ. ನನಗೆ ಎಲ್ಲಿ ಕೂರಬೇಕೆಂದು ಹೇಳಲಿಲ್ಲ. ನಾನು ಕಂಬಕ್ಕೆ ಒರಗಿ, ಅವರಿಬ್ಬರೂ ಕಾಣುವ ಹಾಗೆ ಕೂತೆ. ಮೊದಲ ಪದ ಮುಗಿಯುತ್ತ ಬಂದಾಗ ಅಪ್ಪ ಒಂದು ಕಡೆ ಸ್ವರ ಎಳೆದು ಹಾಗೆಯೇ ನಿಲ್ಲಿಸಿದ. ತಂಬೂರಿಯೊಳಗೆ ಅದು ಮುಳುಗಿತೋ ಏನೋ, ಹಿಂತಿರುಗಿ ಸೊಸೆಯ ಕಡೆ ನೋಡಿ ತಲೆದೂಗಿದ. ಅವಳೂ ತಲೆದೂಗಿದಳು. ಅವರ ನಡುವೆ ಏನು ದಾಟಿಹೋಯಿತು ಎಂದು ನನಗೆ ಕೇಳಿಸಲಿಲ್ಲ. ದಾಟಿದ್ದು ಮಾತ್ರ ಕಂಡಿತು. ಹೊಟ್ಟೆ ಹಿಂದಿನಷ್ಟೇ ಉರಿಯಿತು, ಒಂದು ಕಿಡಿಯೂ ಕಡಿಮೆಯಿರಲಿಲ್ಲ.

ಅಪ್ಪ ಎರಡನೆಯ ಪದ ಎತ್ತಿಕೊಂಡ. ನಾನು ಎದ್ದು ಹೋಗಲಿಲ್ಲ.